ಬೈತಖೋಲದ ಐಸು

ನಿನ್ನ ಶಿಷ್ಯರು ಒಂದು ಬೆಳಿಗ್ಗೆ
ಬಲೆ ಹರಿಯುವಷ್ಟು ಮೀನು ಹಿಡಿದರಂತೆ.
ಫಾದರ್ ಅದನ್ನು ಓದುವಾಗಲೆಲ್ಲ ನನಗೆ ಒಂದೇ ಯೋಚನೆ:
ಅಷ್ಟೊಂದಕ್ಕೆ ಐಸು ಎಲ್ಲಿತ್ತು?

ನಗಬೇಡ ಸ್ವಾಮಿ.
ಇಪ್ಪತ್ತಾರು ವರ್ಷವಾಯಿತು, ಬೈತಖೋಲದ ಐಸ್ ಪ್ಲಾಂಟಿನಲ್ಲಿ
ನನ್ನದು ರಾತ್ರಿಪಾಳಿ.
ಮೀನು ಎಂದರೆ ನನಗೆ ಕಾಣುವುದು ಕಿವಿರು,
ಅದರ ಕೆಂಪು ಕಂದಾಗುವ ಎರಡು ತಾಸು.
ಆ ಎರಡು ತಾಸನ್ನು ಎರಡು ದಿನ ಮಾಡುವುದು ನನ್ನ ಕಸುಬು.
ನಿನ್ನ ಪವಾಡಗಳ ಪಕ್ಕದಲ್ಲಿ ಸಣ್ಣದು.

ಕೈಗವಸು ಹಾಕಿದ ಕೈಗೆ ಜಪಸರದ ಮಣಿ ಸಿಗುವುದಿಲ್ಲ.
ಹಾಗಾಗಿ ಡಬ್ಬಿ ಎಣಿಸುತ್ತೇನೆ. ಸಾಲಿಗೆ ಹತ್ತು.
ಡಬ್ಬಿಗೆ ನೀರು ಬಿಟ್ಟು ಒಂದೊಂದು ನಮಾನ್ ಮರಿಯೆ.
ಐದನೇ ಸಾಲಿನ ಏಳನೆಯದು ತೂತು.
ಅಲ್ಲಿ ನೀರು ಬಿಡುವುದಿಲ್ಲ.
ಪ್ರಾರ್ಥನೆಯನ್ನೂ ಬಿಡುವುದಿಲ್ಲ.
ಕಂಪ್ರೆಸರ್ ತನ್ನ ಪಾಡಿಗೆ ಗೊಣಗುತ್ತಿರುತ್ತದೆ,
ಅಮೋನಿಯಾ ಮೂಗಿಗೆ ಹತ್ತಿದರೆ ಕಣ್ಣಲ್ಲಿ ಧಾರೆ.
ಅದನ್ನು ಭಕ್ತಿ ಎಂದುಕೊಂಡ ಹೊಸ ಹುಡುಗನಿಗೆ
ವಾಲ್ವ್ ಬಿಗಿ ಮಾಡಲು ಹೇಳಿದೆ.

ನೀರು ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತದೆ,
ಅಂಚು ಮೊದಲು, ನಡು ಕಡೆಗೆ.
ಹದಿನಾಲ್ಕನೇ ತಾಸಿಗೆ ಎತ್ತಿದರೂ ಗಡ್ಡೆ ಗಡ್ಡೆಯಂತೆಯೇ ಇರುತ್ತದೆ;
ಹೊಟ್ಟೆಯಲ್ಲಿ ಮಾತ್ರ ಒಂದು ಕೊಡ ನೀರು.
ಕತ್ತಲಲ್ಲಿ ಕೊಳ್ಳುವವನಿಗೆ ಗೊತ್ತಾಗದು.
ನಡುಸಮುದ್ರದಲ್ಲಿ ಗೊತ್ತಾಗುತ್ತದೆ.

ಮಳೆಗಾಲದ ನಿಷೇಧ ಮುಗಿದು ಬೋಟುಗಳು ಹೊರಟ ಆ ಆಗಸ್ಟ್
ಯಜಮಾನರು ಎತ್ತು ಎಂದರು, ಎತ್ತಿದೆ.
ನಾಲ್ಕನೇ ದಿನ ಗಣಬಾ ತಾಂಡೇಲನ ಬೋಟು ಬಂತು.
ಬಂಗಡೆಯನ್ನು ಬುಟ್ಟಿಗೆ ತುಂಬಲಿಲ್ಲ,
ಗೊಬ್ಬರದ ಲಾರಿಗೆ ಸುರಿದರು.
ಅವನು ನನ್ನ ಹತ್ತಿರ ಬಂದು ಬೀಡಿಗೆ ಬೆಂಕಿ ಕೇಳಿದ.
ಬೇರೇನೂ ಕೇಳಲಿಲ್ಲ.

ಪಾಪನಿವೇದನೆಯಲ್ಲಿ ಹೇಳಿದೆ.
ಜಾಲರಿಯ ಆಚೆ ಬಹಳ ಹೊತ್ತು ಸದ್ದಿಲ್ಲ.
'ಗಡ್ಡೆ ಪೂರ್ತಿ ಕಟ್ಟಲು ಎಷ್ಟು ತಾಸು ಬೇಕು?'
'ಇಪ್ಪತ್ತು, ಫಾದರ್.'
'ಹಾಗಾದರೆ ಇಪ್ಪತ್ತು ತಾಸು ಕಾಯಿ.'
ಹತ್ತು ಜಪಸರ ಕೊಟ್ಟಿದ್ದರೆ ಆ ವಾರವೇ ಮುಗಿಸುತ್ತಿದ್ದೆ.
ಇದು ಇನ್ನೂ ಮುಗಿದಿಲ್ಲ.
ಯಜಮಾನರು ಬೈಯುತ್ತಾರೆ, ಲಾರಿಗಳು ಹಾರನ್ ಹೊಡೆಯುತ್ತವೆ,
ಗೋಡೆಯ ಗಡಿಯಾರದ ಕೆಳಗೆ ನಾನು ನಿಂತಿರುತ್ತೇನೆ.

ಹೇಳದೆ ಉಳಿದದ್ದು ಇನ್ನೊಂದಿದೆ.
ಬೆಳಗಿನ ಐದಕ್ಕೆ ಶೇವಂತಿ ಹರಿಕಂತ್ರ ಬುಟ್ಟಿ ಹಿಡಿದು ಬರುತ್ತಾಳೆ.
ಗಡ್ಡೆ ಪುಡಿ ಮಾಡುವಾಗ ಚೆಲ್ಲಿದ್ದನ್ನು
ಸಲಿಕೆಯಲ್ಲಿ ಬಾಚಿ ಅವಳಿಗೆ ಹಾಕುತ್ತೇನೆ.
ಒಮ್ಮೊಮ್ಮೆ ಚೆಲ್ಲುವಂತೆಯೇ ಪುಡಿ ಮಾಡುತ್ತೇನೆ.
ಇಲ್ಲಿನ ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇಲ್ಲ.
ನಿನ್ನದರಲ್ಲಿ ಯಾವ ಬದಿಗೆ ಬರೆದಿದ್ದೀಯೋ,
ಕೇಳುವ ಧೈರ್ಯವಿಲ್ಲ.

ನನ್ನ ವಿಶ್ವಾಸವೂ ಅಂಚಿನಿಂದಲೇ ಕಟ್ಟಿದ್ದು:
ಮೊಣಕಾಲು ಮೊದಲು, ಆಮೇಲೆ ನಾಲಿಗೆ.
ಅರ್ಸುಲಾ ತೀರಿಕೊಂಡ ವರ್ಷ ತಟ್ಟಿ ನೋಡಿದೆ,
ನಡುವಿನಲ್ಲಿ ಇನ್ನೂ ನೀರು, ಅಲುಗುವ ಸದ್ದು.
ಅದೂ ಹೆಪ್ಪುಗಟ್ಟಲಿ ಎಂದು ಆಗ ಬೇಡುತ್ತಿದ್ದೆ.
ಈಗ ಬೇಡುವುದಿಲ್ಲ.
ನಡುವಿನವರೆಗೂ ಕಟ್ಟಿದ ಗಡ್ಡೆಗಳ ಜೊತೆ
ದಿನಾ ರಾತ್ರಿ ಕಳೆಯುವವನು ನಾನು.
ಅಷ್ಟು ನೀರು ಇರಲಿ.

ಭಾನುವಾರ ಪಾಳಿ ಮುಗಿಸಿ ನೇರ ಕಾಜುಬಾಗದ ಇಗರ್ಜಿಗೆ.
ಕೊನೆಯ ಬೆಂಚು. ಮೈಯೆಲ್ಲ ಉಪ್ಪುನೀರಿನ ವಾಸನೆ.
ಶಾಂತಿ ಹಂಚಿಕೊಳ್ಳುವ ಹೊತ್ತಿಗೆ ಕೈ ಚಾಚಿದರೆ
ದೊಡ್ಡವರು ಬೆರಳ ತುದಿ ಮುಟ್ಟಿ ತಿರುಗುತ್ತಾರೆ.
ಮೊನ್ನೆ ಮುಂದಿನ ಬೆಂಚಿನ ಹುಡುಗ, ಜೊಯೆಲ್ಲೋ ಜೋಷುವಾನೋ,
ಹಿಡಿದವನೇ ಕಿರುಚಿದ, 'ಅಬ್ಬಾ, ಎಷ್ಟು ತಣ್ಣಗೆ!'
ಬಿಡಲಿಲ್ಲ.
ಬಾಯಿಯ ಹತ್ತಿರ ಒಯ್ದು ಹಾ ಎಂದು ಊದಿದ,
ಕನ್ನಡಿ ಒರೆಸುವ ಮುನ್ನ ಊದುತ್ತಾರಲ್ಲ, ಹಾಗೆ.
ಅವನ ತಾಯಿ ಎಳೆದು ಮುಂದಕ್ಕೆ ತಿರುಗಿಸಿದಳು.
ಅಷ್ಟರಲ್ಲಿ 'ದೇವರ ಕುರಿಮರಿಯೇ' ಶುರುವಾಗಿತ್ತು,
ನಾನು ಸ್ವಲ್ಪ ತಡವಾಗಿ ಸೇರಿಕೊಂಡೆ.