ಹನ್ನೊಂದು ಸೆಕೆಂಡು

ಶನಿವಾರ. ಟೌನ್‌ಹಿಲ್ ದಿಬ್ಬದ ಗಾಳಿ
ಕಿಟಕಿಯ ಚೌಕಟ್ಟನ್ನು ಸಡಿಲ ಹಲ್ಲಿನಂತೆ ಅಲ್ಲಾಡಿಸುತ್ತಿದೆ.
ಅಡುಗೆಮನೆಯ ಮೇಜಿಗೆ ಹಳೇ ಬೆಡ್‌ಶೀಟ್ ಹಾಸಿ
ನಮ್ಮ ಕಂಪ್ಯೂಟರನ್ನು ಮಗ್ಗುಲಾಗಿ ಮಲಗಿಸಿದ್ದೇನೆ.
ಬೆಣ್ಣೆ ತಟ್ಟೆಯಲ್ಲಿ ಸ್ಕ್ರೂಗಳು. ಎಣಿಸಿದ್ದೇನೆ: ಒಂಬತ್ತು.

ವಾರದಲ್ಲಿ ಐದು ದಿನ ನಾನು ಹಲ್ಲು ಮಾಡುತ್ತೇನೆ,
ಮುಖ ನೋಡದವರ ಬಾಯಿಗೆ, ಸ್ವಾನ್ಸೀಯ ಊರಂಚಿನ ಲ್ಯಾಬಿನಲ್ಲಿ.
ಕೂದಲೆಳೆಯಷ್ಟು ಎತ್ತರ ಹೆಚ್ಚಾದರೂ
ದವಡೆ ದೂರು ಕೊಡುತ್ತದೆ. ಈ ಪೆಟ್ಟಿಗೆಯೂ
ಎಲ್ಲೋ ಹಾಗೆ ಕಚ್ಚಿಕೊಂಡಿದೆ ಅಂತ ನನ್ನ ಅನುಮಾನ.

ಹೊಸ ಡ್ರೈವು ಹಾಕಿ ಮೂರು ವಾರ.
ನಲವತ್ತೆಂಟು ಪೌಂಡು; ಬಿಸ್ಕತ್ತಿನಷ್ಟು ತೆಳು, ಉಸಿರಿನ ಸದ್ದೂ ಇಲ್ಲ.
ಹೊಸ ವಿಂಡೋಸೂ ಇಳಿಸಿದೆ. ಹಾರುತ್ತೆ ನೋಡಿ ಅಂದಿದ್ದ ಅಂಗಡಿಯ ಹುಡುಗ.
ಹಾರುವುದಿರಲಿ, ತೆವಳುವುದಕ್ಕೂ ಮುಹೂರ್ತ ನೋಡುತ್ತದೆ:
ಗುಂಡಿ ಒತ್ತಿದರೆ ನಾಲ್ಕು ನಿಮಿಷ
ಕಪ್ಪು ಪರದೆಯ ಮೇಲೆ ಚುಕ್ಕಿಗಳ ಪ್ರದಕ್ಷಿಣೆ.

ತಿಪ್ಪೇಶನ ತೀರ್ಮಾನ: "ಹಳೇದೇ ಚೆನ್ನಾಗಿತ್ತು."
ಬಸ್ಸು ಓಡಿಸುವವನು; ಸ್ಟೀರಿಂಗು, ಬ್ರೇಕು ಬಿಟ್ಟು
ಮಿಕ್ಕ ಯಂತ್ರಗಳೆಲ್ಲ ಅವನಿಗೆ ನಾಟಕ.
ಆ ನಾಲ್ಕು ನಿಮಿಷ ಚಹಾ ಹಿಡಿದು ನನ್ನ ಬೆನ್ನಿಗೆ ನಿಂತು
ಮಂಬಲ್ಸ್ ದಾರಿಯ ಕತೆ ಹೇಳುತ್ತಾನೆ:
ಮೊನ್ನೆ ಮುದುಕಿಯೊಬ್ಬಳು ಚೀಲದಲ್ಲಿ ಏಡಿ ತಂದಿದ್ದಳಂತೆ,
ಜೀವಂತ. ಇದಕ್ಕೆ ಅರ್ಧ ಟಿಕೆಟ್ಟೋ ಪೂರ್ತಿಯೋ ಅಂದಳಂತೆ.

ಏನೇನು ಮಾಡಲಿಲ್ಲ!
ಧೂಳು ಊದಿದೆ. ಮೆಮೊರಿ ಪಟ್ಟಿ ಕಿತ್ತು ಮತ್ತೆ ಒತ್ತಿದೆ,
ಟಕ್ ಅನ್ನುವವರೆಗೆ. ಕೇಬಲ್ಲು ಬದಲಿಸಿದೆ.
ಕರೆಯದೇ ಎದ್ದು ಬರುವ ಹದಿನಾಲ್ಕು ಪ್ರೋಗ್ರಾಮುಗಳನ್ನು
ಬೇರು ಬಿಟ್ಟ ನೆಂಟರಂತೆ ಒಬ್ಬೊಬ್ಬರನ್ನೇ ಬೀಳ್ಕೊಟ್ಟೆ.
ಪಕ್ಕದ ಮನೆಯ ಗ್ಲೆನಿಸ್, ಬೆಕ್ಕು ಹುಡುಕುತ್ತ ಬಂದವಳು,
"ಆರಿಸಿ ಹಚ್ಚಿ ನೋಡಿದೆಯಾ?" ಅಂದಳು.
ಗುರುವಾರದಿಂದ ಅದನ್ನೇ ಮಾಡುತ್ತಿದ್ದೇನೆ, ತಾಯಿ.

ಮಧ್ಯಾಹ್ನ ಸಾಕಾಗಿ, ಹೊಟ್ಟೆ ತೆರೆದ ಪೆಟ್ಟಿಗೆಗೆ
ಕಿವಿ ಕೊಟ್ಟು ಕೂತೆ. ಫ್ಯಾನಿನ ಗುಂಯ್ ಅಡಿಯಲ್ಲಿ
ಇನ್ನೊಂದು ಸದ್ದು. ಟಿಕ್, ಟರ್ರ್, ಟಿಕ್.
ಕರೆಂಟು ಹೋದಾಗ ಯಾರೋ ಡಬ್ಬಿ ತಡಕುವ ಹಾಗೆ.
ಹೊಸದಕ್ಕೆ ಸದ್ದಿಲ್ಲ. ಹಾಗಾದರೆ
ಫೋಟೋ ಇವೆ, ಇರಲಿ ಅಂತ
ಕೆಳಗಿನ ಗೂಡಿನಲ್ಲಿ ಬಿಟ್ಟಿದ್ದೆನಲ್ಲ, ಆ ಹಳೇ ಡ್ರೈವು.

ಸೆಟ್ಟಿಂಗಿನೊಳಗೆ ಸೆಟ್ಟಿಂಗು, ಅದರೊಳಗೆ ಚಿಕ್ಕದೊಂದು ಕಿಟಕಿ.
ಮೆಮೊರಿ ತುಂಬಿ ಚೆಲ್ಲಿದ್ದನ್ನು ಸಿಸ್ಟಮ್ಮು
ಹಿಡಿದಿಡುವ ಜಾಗ ಎಲ್ಲಿ ಅಂತ ಅಲ್ಲಿ ಬರೆದಿರುತ್ತದೆ.
ಹಳೇ ಡ್ರೈವು ಅಂತ ಬರೆದಿತ್ತು.
ಬರೆದವಳು ನಾನೇ, ಮೂರು ವಾರದ ಹಿಂದೆ:
ಪಾಪ, ಹೊಸದು, ಸವೆಯದಿರಲಿ ಅಂತ.

ಆರು ಪಿಂಗಾಣಿ ತಟ್ಟೆ ಕಪಾಟಿನಲ್ಲಿಟ್ಟು
ಸೀಳು ಬಿಟ್ಟ ತಟ್ಟೆಯಲ್ಲೇ ಉಣ್ಣುವ ಕೈ,
ರಿಮೋಟಿನ ಪ್ಲಾಸ್ಟಿಕ್ಕು ಕೀಳದ ಕೈ
ಇನ್ನೇನು ಮಾಡೀತು.

ಬದಲಿಸಿದೆ. ಫೋಟೋಗಳು ಈಚೆ ದಾಟುವಷ್ಟರಲ್ಲಿ ಕತ್ತಲು.
ಹಳೆಯದರ ಎರಡು ತಂತಿ ಬಿಡಿಸಿದೆ; ಟಿಕ್ ನಿಂತಿತು.

ತಿಪ್ಪೇಶ ಡ್ಯೂಟಿಯಿಂದ ಬಂದ. "ನಿಲ್ಲು ಇಲ್ಲಿ" ಅಂದೆ.
ಕಪ್ಪು ಹಿಡಿದು ಬೆನ್ನಿಗೆ ನಿಂತ. ಗುಂಡಿ ಒತ್ತಿದೆ.
"ಇವತ್ತು ಸ್ಟೇಷನ್ ಹತ್ತಿರ ಒಬ್ಬ..."
ಪರದೆ ಬೆಳಗಿತು. ಹನ್ನೊಂದು ಸೆಕೆಂಡು.
ಅವನ ಗುಟುಕಿನ್ನೂ ಗಂಟಲಲ್ಲಿತ್ತು.
ಮಾಡಬೇಕಿದ್ದ ಕೆಲಸವಾದರೂ ಏನು,
ಕರೆಂಟ್ ಮೀಟರಿನ ಐದಂಕಿ ತುಂಬುವುದು. ತುಂಬಿದೆ.

"ಸ್ಟೇಷನ್ ಹತ್ತಿರ ಒಬ್ಬ?" ಅಂದೆ, ಕುರ್ಚಿ ತಿರುಗಿಸಿ.
ಅವನು ಹೇಳುತ್ತಾ ಹೋದ, ನಾನು ಮುಚ್ಚಳ ಬಿಗಿಯುತ್ತಾ.
ತೂತುಗಳೆಲ್ಲ ತುಂಬಿದವು. ಬೆಣ್ಣೆ ತಟ್ಟೆಯಲ್ಲಿ
ಹತ್ತನೆಯದೊಂದು ಸ್ಕ್ರೂ.