ಚಿಟ್ಟೆ ಕೊರೆಯುವ ಮುಂಚೆ

ಮೊದಲು ಬರುವುದು ಆಕಳಿಕೆ.
ಆಮೇಲೆ ಬಲಗಣ್ಣಿನ ಮೂಲೆಯಲ್ಲಿ
ಗರಗಸದ ಹಲ್ಲಿನ ಹಾಗೊಂದು ಬೆಳಕು.
ಬೆಂದ ಹುಳದ ವಾಸನೆ,
ಹದಿನೇಳು ವರ್ಷದಿಂದ ಮೂಗಿಗೇ ತಾಗದ್ದು,
ಬಾಣಲೆಯಿಂದೆದ್ದು ನನ್ನ ಹೆಸರು ಹಿಡಿದು ಕೂಗುತ್ತದೆ.

ಶಿಡ್ಲಘಟ್ಟದಲ್ಲಿ ಗೂಡು ಕಾಯುವುದಿಲ್ಲ.
ಹರಾಜಲ್ಲಿ ಕೂಗಿ ತಂದದ್ದು ಬೇಗ ಬೇಯಬೇಕು, ಬಿಚ್ಚಬೇಕು;
ತಡವಾದರೆ ಚಿಟ್ಟೆ ಕೊರೆದು ಹೊರಬರುತ್ತದೆ,
ನೂಲು ತುಂಡು ತುಂಡು.
ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.
ನೋವನ್ನು ಮಾತ್ರ
"ಇನ್ನರ್ಧ ಕೆಜಿ ಮುಗೀಲಿ" ಅಂತ
ಸಂಜೆ ತನಕ ಕಾಯಿಸುತ್ತಿದ್ದೆ.

ಕಾಯಿಸಿ, ವಾಂತಿಯಾಗಿ, ಗೋಡೆಗೆ ಹಣೆ ಒತ್ತಿ,
ಆಮೇಲೊಂದು ಮಾತ್ರೆ, ನಿಲ್ಲದೆ ಇನ್ನೊಂದು,
ಪಕ್ಕದ ಬಾಣಲೆಯ ಮುಬೀನಾಳ ಸೆರಗಿನ ಗಂಟಿಂದ ಮೂರನೆಯದು.
ಬಿಳಿಯದೋ ಹಳದಿಯದೋ, ಯಾರು ಕೇಳಿದರು?

ಕೇಳಿದವನು ಮೆಡಿಕಲ್ ಸ್ಟೋರಿನ ಗಂಗುಲಪ್ಪ.
"ಈ ತಿಂಗಳಿಗಿದು ಐದನೇ ಶೀಟು ಕಣಮ್ಮ."
ಕೊಡಲಿಲ್ಲ.
ಅವನ ಏಳು ತಲೆಮಾರಿಗೂ ಬೈದುಕೊಂಡು
ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತೆ.

ಡಾಕ್ಟರಮ್ಮ ತಲೆ ಮುಟ್ಟುವ ಮೊದಲು
ಎದೆಯ ಬಗ್ಗೆ ಕೇಳಿದರು, ಬೀಪಿ ನೋಡಿದರು,
ಮುಟ್ಟು ಯಾವಾಗ, ಬಸುರಿಯಾ, ಹೊಟ್ಟೆ ಉರಿಯುತ್ತಾ...
ತಲೆನೋವಿಗೆ ಇಷ್ಟೊಂದು ಬಾಗಿಲು ಅಂತ ನನಗೇನು ಗೊತ್ತು!
"ನೋವು ತಲೆಯೆತ್ತಿದ ಕೂಡಲೇ ನುಂಗು,
ಒಂದೆರಡು ತುತ್ತು ತಿಂದು.
ಎಷ್ಟು ಅಂತ ಚೀಟಿಯಲ್ಲಿದೆ, ಅಷ್ಟೇ.
ತಿಂಗಳಲ್ಲಿ ಎಂಟು ಹತ್ತು ದಿನ ದಾಟಿತೋ,
ಮಾತ್ರೆಯೇ ನೋವನ್ನು ಮೊಟ್ಟೆಯಿಡುತ್ತದೆ.
ಎಂದೂ ಕಾಣದ ನೋವು ಸಿಡಿಲಿನಂತೆ ಬಡಿದರೆ,
ಮಾತು ತೊದಲಿದರೆ, ಕೈ ಸೋತರೆ,
ಮಾತ್ರೆ ಹುಡುಕಬೇಡ. ಇಲ್ಲಿಗೆ ಬಾ."

ಇವತ್ತು ತಲೆಯ ಬಲಗಡೆ ಮೊದಲ ಸುತ್ತಿಗೆ ಬಿದ್ದಾಗ
ಚರಕ ನಿಲ್ಲಿಸಿದೆ.
ಮಾಲೀಕ ಕೆಮ್ಮಿದ.
ಕೆಮ್ಮಲಿ.
ತಣ್ಣನೆಯ ಅರ್ಧ ಮುದ್ದೆ, ಒಂದು ಮಾತ್ರೆ, ಒಂದು ಲೋಟ ನೀರು.
ಗೂಡಿನ ಚೀಲಗಳ ಹಿಂದಿನ ಕತ್ತಲಲ್ಲಿ
ಹಣೆಗೆ ಒದ್ದೆಬಟ್ಟೆ ಹಾಕಿ
ಹುಳದ ಹಾಗೆ ಮುದುರಿಕೊಂಡೆ.
ನೋವು ಬಂತು, ಇಲ್ಲವೆನ್ನಲಾರೆ.
ಆದರೆ ಕೊರೆಯಲಿಲ್ಲ.
ಸುತ್ತಲೂ ತಡಕಾಡಿ, ಎರಡು ಗಂಟೆಗೆ,
ಬಂದ ದಾರಿಯಲ್ಲೇ ಹೋಯಿತು.

ಎದ್ದು ಕ್ಯಾಲೆಂಡರಿನಲ್ಲಿ ಈ ತಿಂಗಳ ನಾಲ್ಕನೇ ಗೆರೆ ಎಳೆದೆ.
ಹಿಂದೆ ಮುಬೀನಾ, ಒಂದು ಕಣ್ಣು ಮುಚ್ಚಿಕೊಂಡು:
"ನಿನ್ನ ಮಾತ್ರೆ ನನಗೂ ಒಂದು ಕೊಡೇ."

ಮಾತ್ರೆ ಕೊಡಲಿಲ್ಲ.
ಪೆನ್ಸಿಲ್ ಕೊಟ್ಟೆ.
"ನಾಳೆ ನಿನ್ನ ಜೊತೆ ಸಾಲಿನಲ್ಲಿ ನಿಲ್ತೀನಿ" ಅಂದೆ.
ಅವಳೂ ನನ್ನ ಏಳು ತಲೆಮಾರಿಗೆ ಬೈದಳು.