ಹದಿಮೂರನೆಯ ಡಬ್ಬಿ

ಹನ್ನೆರಡು ಡಬ್ಬಿ. ಎಣಿಸಿಕೊಡುತ್ತಾಳೆ ನರ್ಸ್ ಪುಸೆಲೆತ್ಸೊ.
ಒಂದೊಂದರ ಮೇಲೂ ಹೆಸರು, ಊರು, ತಾರೀಖು.
ಹನ್ನೆರಡು ಜನರ ಎದೆಯಿಂದ ಕಿತ್ತು ಬಂದ ಕಫ.
ತಂಪುಪೆಟ್ಟಿಗೆಯ ಪಟ್ಟಿ ಬಿಗಿದು
"ನಾಳೆ ಸಂಜೆಯೊಳಗೆ, ತ್ಲಾಲಿ" ಅನ್ನುತ್ತಾಳೆ,
ಹೋದ ತಿಂಗಳು ಅಂದಂತೆಯೇ.

ಹೋದ ತಿಂಗಳು ಹಿಮ ಬಿತ್ತು.
ಹೊಳೆ ದಾಟಲು ಕುದುರೆ ಒಪ್ಪಲಿಲ್ಲ.
ಮೂರು ದಿನ ತಡವಾಗಿ ಥಾಬಾ ತ್ಸೇಕಾ ಮುಟ್ಟಿದ ಪೆಟ್ಟಿಗೆಗೆ
ಪ್ರಯೋಗಾಲಯದ ಹುಡುಗ ಮುದ್ರೆ ಒತ್ತಿದ:
ಕೆಟ್ಟಿದೆ, ಮತ್ತೆ ತನ್ನಿ.
ಕೆಟ್ಟದ್ದು ಕಫವಂತೆ.
ನಾನೇನೂ ಅನ್ನಲಿಲ್ಲ. ಬಿಸಿ ಚಹಾ ಕೊಟ್ಟ, ಒಳ್ಳೆಯ ಹುಡುಗ.

ಮತ್ತೆ ಉಗುಳಲು ಮುದುಕ ಸೆಖೊಬೆ ಇರಲಿಲ್ಲ.
ಅವನಿಗೆಂದು ಒಯ್ದ ಹೊಸ ಡಬ್ಬಿಯನ್ನು ಅವನ ಹೆಂಡತಿ
ಬೇಡ ಅನ್ನದೆ ಇಸಿದುಕೊಂಡು
ಉಪ್ಪು ತುಂಬಿಟ್ಟಳು.

ಇಳಿಯುವ ದಾರಿಯಲ್ಲಿ ಅಣೆಕಟ್ಟು ಕಾಣುತ್ತದೆ.
ನಮ್ಮ ಬೆಟ್ಟಗಳ ನೀರು ಅಲ್ಲಿ ಸುರಂಗಕ್ಕಿಳಿದು
ಗಡಿಯಾಚೆ ಜೊಹಾನ್ಸ್‌ಬರ್ಗಿನ ನಲ್ಲಿಗಳಿಗೆ ಹೋಗುತ್ತದೆ,
ಪಾಸ್‌ಪೋರ್ಟಿಲ್ಲದೆ, ಹಿಮ ಬಿದ್ದ ದಿನವೂ ನಿಲ್ಲದೆ.
ಅಪ್ಪನೂ ಹೋದ ಆ ಕಡೆಗೇ, ಇಪ್ಪತ್ತರ ಹರೆಯದಲ್ಲಿ,
ಚಿನ್ನದ ಗಣಿಯ ಬಾಯೊಳಕ್ಕೆ.
ಹೋಗುವಾಗ ಎಕ್ಸ್‌ರೇ ತೆಗೆದಿದ್ದರು: ಕೆಲಸಕ್ಕೆ ಲಾಯಕ್ಕು.
ಬರುವಾಗ ತೆಗೆಯಲಿಲ್ಲ.
ಒಂದು ಕಂಬಳಿ, ಒಂದು ರೇಡಿಯೋ,
ಎದೆ ತುಂಬ ಕಲ್ಲಿನ ಹುಡಿ ತಂದ.
ರಾತ್ರಿ ಅವನು ಉಸಿರೆಳೆದರೆ ಜರಡಿ ಹಿಡಿದಂಥ ಸದ್ದು.
ಅಮ್ಮ ಅನ್ನುತ್ತಿದ್ದಳು,
ಇಷ್ಟು ಜಾಲಿಸಿದ ಮೇಲೆ ಒಂದು ಗುಂಜಿಯಾದರೂ ಸಿಗಬೇಕಿತ್ತು.

ನಮ್ಮ ಕ್ಲಿನಿಕ್ಕಿಗೂ ಡಾಕ್ಟರೊಬ್ಬ ಬಂದಿದ್ದ.
ಎರಡು ಚಳಿಗಾಲ ಇದ್ದ. ಈಗ ಅವನೂ ನೀರು ಹೋದ ಊರಿನಲ್ಲಿ.
ದೂರುವುದಕ್ಕೇನಿದೆ? ನನ್ನ ಕುದುರೆಯೂ
ಇಳಿಜಾರಿನಲ್ಲೇ ಹುರುಪಾಗಿ ನಡೆಯುತ್ತದೆ.

ಮೊಬೈಲಿಗೆ ಎರಡು ಗೆರೆ ಸಿಗುವ ಬಂಡೆಯ ಹತ್ತಿರ
ಇಳಿದು ನಿಂತು ಕೆಮ್ಮಿದೆ, ಬಹಳ ಹೊತ್ತು.
ಕುದುರೆ ಕಿವಿ ತಿರುಗಿಸಿತು.
ಅದಕ್ಕೆ ಈ ಸದ್ದು ಹೊಸತಲ್ಲ,
ಅಪ್ಪನನ್ನೂ ಹೊತ್ತಿತ್ತು.

ಕಿಟಕಿಯಾಚೆ ಹುಡುಗ ಎಣಿಸುತ್ತಾನೆ.
ಹತ್ತು, ಹನ್ನೊಂದು, ಹನ್ನೆರಡು.
ತಡೆದು, ಇನ್ನೊಂದನ್ನು ಬೆಳಕಿಗೆ ಹಿಡಿಯುತ್ತಾನೆ.
"ಚೀಟಿಯಲ್ಲಿ ಇದು ಇಲ್ಲ. ಹೆಸರೂ ಇಲ್ಲ. ಯಾರದು?"
ಹೊರಗೆ ಕುದುರೆ ಕಬ್ಬಿಣದ ಸರಳಿನ ಮೇಲಿನ ಮಂಜು ನೆಕ್ಕುತ್ತಿದೆ.
ಇವತ್ತು ತಡವಾಗಿಲ್ಲ. ಇನ್ನೂ ಬೆಳಕಿದೆ.
"ಪೆನ್ನು ಕೊಡಪ್ಪಾ" ಅಂದೆ.